ಲ್ಯಾಪ್‌ಟಾಪಿನಲ್ಲಿ ಓಡಿದ್ದು ಬೋರ್ಡಿನಲ್ಲೂ ಓಡೀತೇ?

ಬಿಇ ಲ್ಯಾಬ್‌ನಲ್ಲಿ ಥ್ರೆಡ್ ಪ್ರೋಗ್ರಾಮ್ ಲ್ಯಾಪ್‌ಟಾಪಿನಲ್ಲಿ ಓಡಿದರೆ ಅಂಕ ಸಿಗುತ್ತದೆ. ಎಂಬೆಡೆಡ್ ಕೆಲಸ ಹುಡುಕಹೊರಟರೆ ಬೇರೆ ಪ್ರಶ್ನೆ ಏಳುತ್ತದೆ: ಅದೇ ಪ್ರೋಗ್ರಾಮ್ ರೌಟರ್‌ನಂಥ ಪುಟ್ಟ ಲಿನಕ್ಸ್ ಸಾಧನದಲ್ಲೂ ಓಡುತ್ತದೆಯೇ?

ರಜೆಗೆ ಅವರ್ಸಾಕ್ಕೆ ಬಂದಾಗ ಇದನ್ನೇ ಪರೀಕ್ಷಿಸಿದೆ. ಬೋರ್ಡ್ ಕೊಳ್ಳಲು ದುಡ್ಡಿಲ್ಲದಿದ್ದರೂ ಚಿಂತೆಯಿಲ್ಲ. ಬಿಲ್ಡ್‌ರೂಟ್, ಕ್ಯೂಇಎಂಯು ಎರಡೂ ಉಚಿತ. ಬಿಲ್ಡ್‌ರೂಟ್‌ನಲ್ಲಿ ಜಿಲಿಬ್‌ಸಿ, ಯುಸಿಲಿಬ್‌ಸಿ-ಎನ್‌ಜಿ, ಮಸಲ್ ಎಂಬ ಮೂರು ಸಿ ಲೈಬ್ರರಿಗಳಲ್ಲಿ ಬೇಕಾದ್ದನ್ನು ಆರಿಸಬಹುದು.

ಮೊದಲ ಪರೀಕ್ಷೆ: ಎರಡು ಥ್ರೆಡ್‌ಗಳು ಒಂದೇ ಕೌಂಟರನ್ನು ತಲಾ 1 ಲಕ್ಷ ಸಲ ಹೆಚ್ಚಿಸಬೇಕು. ಮ್ಯೂಟೆಕ್ಸ್ ಇದ್ದರೆ ಉತ್ತರ ಸರಿಯಾಗಿ 2 ಲಕ್ಷ. ಇಲ್ಲದಿದ್ದರೆ ಕಡಿಮೆ ಬರಬಹುದು.

ಎರಡನೆಯದು: ಪ್ರತಿ ಥ್ರೆಡ್‌ನಿಂದ ಗೆಟ್‌ಪಿಐಡಿ ಕರೆಯಿರಿ. ಹಳೆಯ ಲಿನಕ್ಸ್‌ಥ್ರೆಡ್ಸ್‌ನಲ್ಲಿ ಒಂದೊಂದಕ್ಕೂ ಬೇರೆ ಸಂಖ್ಯೆ ಬರುತ್ತಿತ್ತು. 2003ರ ಹೊತ್ತಿಗೆ ಜಿಲಿಬ್‌ಸಿಗೆ ಬಂದ ಎನ್‌ಪಿಟಿಎಲ್ ಇದನ್ನು ಸರಿಪಡಿಸಿತು. ಯುಸಿಲಿಬ್‌ಸಿಗೆ ಅದು ಬಂದದ್ದು 2011ರಲ್ಲಿ. ಹಳೆಯ ಸಾಧನಗಳಲ್ಲಿ ಈ ವ್ಯತ್ಯಾಸ ಇನ್ನೂ ಕಾಡಬಹುದು.

ಮೂರನೆಯದೇ ಮುಖ್ಯ. ಥ್ರೆಡ್‌ನೊಳಗೆ 1 ಎಂಬಿ ಲೋಕಲ್ ಅರೇ ತುಂಬಿಸಿದೆ. ಲ್ಯಾಪ್‌ಟಾಪಿನ ಜಿಲಿಬ್‌ಸಿಯಲ್ಲಿ ಸರಾಗ. ಮಸಲ್‌ನಲ್ಲಿ ಸೆಗ್ಮೆಂಟೇಶನ್ ಫಾಲ್ಟ್! ಲ್ಯಾಪ್‌ಟಾಪಿನಲ್ಲಿ ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಸಿಕ್ಕರೆ, ಮಸಲ್ ತಾನಾಗಿ ಕೊಡುವುದು 128 ಕೆಬಿ ಮಾತ್ರ. ಇದು ಮಸಲ್‌ನ ದೋಷವಲ್ಲ, ಮೆಮೊರಿ ಉಳಿಸುವ ಜಾಣತನ. ಹೆಚ್ಚು ಬೇಕಿದ್ದರೆ ಥ್ರೆಡ್ ಹುಟ್ಟಿಸುವಾಗಲೇ ಸ್ಟ್ಯಾಕ್ ಗಾತ್ರ ಕೇಳಿ ಪಡೆಯಬೇಕು.

ಸಂದರ್ಶನದಲ್ಲಿ ‘ಥ್ರೆಡ್ ಗೊತ್ತು’ ಎಂದು ಎಲ್ಲರೂ ಹೇಳುತ್ತಾರೆ. ಮೂರು ಲೈಬ್ರರಿಗಳ ಫಲಿತಾಂಶದ ಪಟ್ಟಿಯನ್ನು ಮುಂದಿಟ್ಟು ಮಾತನಾಡುವವರು ಕಡಿಮೆ. ಸೆಮಿಸ್ಟರ್ ರಜೆಯ ಒಂದು ವಾರ ಸಾಕು, ನೀವೂ ಮಾಡಿ ನೋಡಿ.