ಟೈಗರ್ ಮಾತ್‌ಗೆ ಬ್ರೇಕ್ ಕೂಡಿಸಬಹುದೇ?

ಪ್ರಶ್ನೆ: ಹಳೇ ಟೈಗರ್ ಮಾತ್ ವಿಮಾನಕ್ಕ ಬ್ರೇಕ್ ಇರಲಿಲ್ಲಂತ, ಖರೇನ್ರೀ? ಈಗ ಕೂಡಿಸಾಕ ಬರತೈತೇನು?
– ಓದುಗರು, ದುರ್ಗದಬೈಲ್, ಹುಬ್ಬಳ್ಳಿ

ಉತ್ತರ: ಖರೇ. 1931ರ ಆ ವಿಮಾನ ಇಳಿಯುತ್ತಿದ್ದುದು ಹುಲ್ಲಿನ ಬಯಲಿಗೆ. ಬಾಲದಡಿಯ ಊರುಗೋಲು ನೇಗಿಲಿನಂತೆ ನೆಲ ಕೆರೆಯುತ್ತ ವೇಗ ತಗ್ಗಿಸುತ್ತಿತ್ತು. ಡಾಂಬರು ರನ್‌ವೇ ಮೇಲೆ ಅದು ಬರೀ ಜಾರುತ್ತದೆ, ಸವೆಯುತ್ತದೆ. ಹಾಗಾಗಿ ಬಾಲಕ್ಕೆ ಗಾಲಿ, ಮುಂದಿನ ಗಾಲಿಗಳಿಗೆ ಬ್ರೇಕ್ ಕೂಡಿಸಿದವರಿದ್ದಾರೆ.

ಆದರೆ ದುರ್ಗದಬೈಲಿನ ಸಂದಣಿಯಲ್ಲಿ ಸೈಕಲ್ಲಿನ ಮುಂದಿನ ಬ್ರೇಕಷ್ಟೇ ಗಕ್ಕನೆ ಹಿಡಿದು ನೋಡಿ (ಬೇಡ, ನೆನೆಸಿಕೊಂಡರೆ ಸಾಕು): ಹಿಂದಿನ ಗಾಲಿ ಮೇಲೇಳುತ್ತದೆ. ವಿಮಾನವೂ ಹಾಗೇ ಮೂಗು ಕುಟ್ಟಿ ಪ್ರೊಪೆಲರ್ ಮುರಿದುಕೊಳ್ಳುತ್ತದೆ. ಕೆನಡಾದವರು ತಮ್ಮ ಮಾದರಿಗೆ ಬ್ರೇಕ್ ಹಾಕುವಾಗ ಗಾಲಿಗಳನ್ನೇ ಮುಂದಕ್ಕೆ ಸರಿಸಿದ್ದು ಅದಕ್ಕೇ. ಟೈಗರ್ ಮಾತ್ ಬದಲಿಗೆಂದು ಬೆಂಗಳೂರಿನ ಎಚ್‌ಎಎಲ್ 1951ರಲ್ಲಿ ಹಾರಿಸಿದ ಎಚ್‌ಟಿ-2ಕ್ಕೆ ಬಾಲದಲ್ಲಿ ಗಾಲಿಯೇ ಇತ್ತು.