ಮನೆ ಊರಾಚೆ, ಕೂಲಿ ಊರೊಳಗೆ: ಬಡವರ ಬಡಾವಣೆಗೆ ಪ್ಲಾನು ಹಾಕೋರು ಯಾರು?

ಮೈಸೂರು: ಬೆಳಿಗ್ಗೆ ಐದೂವರೆಗೆ ದೇವರಾಜ ಮಾರ್ಕೆಟ್ಟಿನ ಕಡೆ ಹೋಗಿ ನೋಡಿ. ಸೊಪ್ಪಿನ ಕಟ್ಟು ಬಿಚ್ಚೋ ಹೆಂಗಸರು, ಮೂಟೆ ಹೊರೋ ಆಳುಗಳು, ಹೂ ಕಟ್ಟೋ ಮುದುಕಿಯರು ಅಷ್ಟು ಹೊತ್ತಿಗಾಗಲೇ ಬಂದು ಕೂತಿರ್ತಾರೆ. ಈ ಊರಿನ ಹೊಟ್ಟೆ ತುಂಬಿಸುವ ಜನ ಇವರು. ನಿಮ್ಮ ಮನೆ ಎಲ್ಲಿ ಅಂತ ಕೇಳಿ. ಒಬ್ಬರ ಕೈ ಉತ್ತರಕ್ಕೆ ಹೋಗುತ್ತೆ, ಇನ್ನೊಬ್ಬರದು ದಕ್ಷಿಣಕ್ಕೆ. 'ಇಲ್ಲೇ ಪಕ್ಕದಲ್ಲಿ' ಅನ್ನೋರು ಕಮ್ಮಿ.

ಇದು ಕಂಡವರ ಕಥೆಯಲ್ಲ. ನಮ್ಮವ್ವನೂ ಸೊಪ್ಪು ಮಾರಿದವಳೇ. ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ದೂರದ ಒಂದು ವಠಾರದಲ್ಲಿ ಬಾಡಿಗೆಗೆ ಇದ್ದೆವು. ನಾನು ಪಿಯುಸಿ ಓದುತ್ತಿದ್ದ ಕಾಲಕ್ಕೆ ಅವ್ವನ ಹೆಸರಿಗೆ ಊರಾಚೆ ಒಂದು ಸೈಟು ಬಂತು. ಹಕ್ಕುಪತ್ರ ಕೊಟ್ಟ ದಿನ ಅವ್ವ ಅದನ್ನು ದೇವರ ಪಟದ ಮುಂದೆ ಇಟ್ಟು ಕೈ ಮುಗಿದಳು. ಮನೆ ಕಟ್ಟೋಕೆ ಸರ್ಕಾರದ ದುಡ್ಡೂ ಇತ್ತು. ಆದರೆ ಮೊದಲು ಪಾಯ ಎಬ್ಬಿಸಿ ತೋರಿಸಬೇಕು, ಆಮೇಲೆ ಬಿಲ್ಲು. ಪಾಯಕ್ಕೆ ದುಡ್ಡು ಎಲ್ಲಿಂದ? ಅವ್ವನ ಓಲೆ ಅಡವಿಗೆ ಹೋಯಿತು. ಬಡ್ಡಿ ಸಾಲ ಬಂತು. ಮನೆಯೇನೋ ಎದ್ದಿತು.

ಆಗ ಶುರುವಾಯಿತು ನೋಡಿ ನಿಜವಾದ ತಾಪತ್ರಯ. ಆ ಬಡಾವಣೆಗೆ ಮೊದಲ ಬಸ್ಸು ಏಳು ಗಂಟೆ ಮೇಲೆ. ಮಾರ್ಕೆಟ್ಟಿನಲ್ಲಿ ಸೊಪ್ಪು ಹರಾಜಾಗೋದು ಐದಕ್ಕೆ. ಲಗೇಜ್ ಆಟೋಗೆ ಕೊಟ್ಟರೆ ಅರ್ಧ ಲಾಭ ಅಲ್ಲೇ ಹೋಯ್ತು. ನಾಲ್ಕು ಗಂಟೆ ಕತ್ತಲಲ್ಲಿ ಅವ್ವನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಂದು ಬಿಟ್ಟು, ತಿರುಗಿ ಹೋಗಿ ಬೋರ್‌ವೆಲ್ಲಿನ ಮುಂದೆ ಕೊಡ ಸಾಲಿಗಿಟ್ಟು, ಆಮೇಲೆ ಕಾಲೇಜು. ಎರಡನೇ ವರ್ಷದ ನಡುವೆ ನಾನು ಕಾಲೇಜು ಬಿಟ್ಟೆ. ಮನೆ ಸಿಕ್ಕಿದ್ದಕ್ಕೂ ಓದು ತಪ್ಪಿದ್ದಕ್ಕೂ ಸಂಬಂಧ ಇಲ್ಲ ಅಂತ ಕಡತದಲ್ಲಿ ಬರೀಬಹುದು. ನಮ್ಮನೇಲಿ ಹಾಗೆ ಹೇಳೋಕೆ ಬರೋಲ್ಲ.

ಪ್ಲೇಗು ಕಲಿಸಿದ ಪಾಠ

ಮೈಸೂರಿಗೆ ಪ್ಲಾನು ಹಾಕೋದು ಗೊತ್ತಿಲ್ಲದೆ ಇಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂದು ಬೀದಿಗೆ ಬೀದಿಯೇ ಖಾಲಿಯಾದಾಗ, ಇಕ್ಕಟ್ಟಿನ ಗಲ್ಲಿಗಳೇ ರೋಗದ ತವರು ಅಂತ ಆಳುವವರಿಗೆ ಮನದಟ್ಟಾಯಿತು. ಬೊಂಬಾಯಿಯಲ್ಲಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಆಯಿತು. ಅದಾದ ಐದೇ ವರ್ಷಕ್ಕೆ, 1903ರಲ್ಲಿ, ಮೈಸೂರಿಗೆ ತನ್ನದೇ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಬಂತು. ದೇಶದ ಎಷ್ಟೋ ದೊಡ್ಡ ಊರುಗಳಿಗೆ ಆಗ ಇದರ ಯೋಚನೆಯೇ ಇರಲಿಲ್ಲ. ನೇರ ರಸ್ತೆ, ಚರಂಡಿ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ನಡುವೆ ಪಾರ್ಕು: ಹಳೇ ಬಡಾವಣೆಗಳ ಈ ಅಂದವನ್ನು ನಾವು ಈಗಲೂ ಹೊರಗಿನವರಿಗೆ ತೋರಿಸಿ ಬೀಗುತ್ತೇವೆ.

ಆಮೇಲೆ ಕಾನೂನಿಗೇನೂ ಬರ ಬರಲಿಲ್ಲ. 1961ರಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. 1962ರಲ್ಲಿ ಗೃಹ ಮಂಡಳಿ ಕಾಯ್ದೆ. 1973ರಲ್ಲಿ ಕೊಳಚೆ ಪ್ರದೇಶಗಳ ಕಾಯ್ದೆ. 1987ರ ಕಾಯ್ದೆಯಂತೆ ಟ್ರಸ್ಟ್ ಬೋರ್ಡು ಹೋಗಿ ಅದರ ಜಾಗಕ್ಕೆ ಮೂಡಾ ಬಂತು. 1991-92ರಲ್ಲಿ ಆಶ್ರಯ ಯೋಜನೆ. 2000ದಲ್ಲಿ ರಾಜೀವ್ ಗಾಂಧಿ ವಸತಿ ನಿಗಮ. 2015ರಲ್ಲಿ ಪ್ರಧಾನ ಮಂತ್ರಿ ಆವಾಸ್. ಹೆಸರಿಗೆ ಹೆಸರು, ಬೋರ್ಡಿಗೆ ಬೋರ್ಡು.

ಇಷ್ಟೆಲ್ಲ ಇದ್ದೂ ಬಡವನ ಮನೆ ಊರಾಚೆಗೇ ಯಾಕೆ ಹೋಗುತ್ತೆ? ಕಾರಣ ನೆಲದ ಬೆಲೆ ಸ್ವಾಮಿ. 2013ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಪಟ್ಟಣದಲ್ಲಿ ಮಾರುಕಟ್ಟೆ ಬೆಲೆಯ ಎರಡು ಪಟ್ಟು, ಹಳ್ಳಿಯಲ್ಲಿ ನಾಲ್ಕು ಪಟ್ಟಿನವರೆಗೆ ಪರಿಹಾರ ಕೊಡಬೇಕು. ರೈತನಿಗೆ ಇದು ನ್ಯಾಯವೇ, ತಕರಾರಿಲ್ಲ. ಆದರೆ ಅಷ್ಟು ಕೊಟ್ಟು ಕೊಂಡ ನೆಲದಲ್ಲಿ ಬಡವನಿಗೆ ಸೈಟು ಕೊಡೋಕೆ ಯಾವ ಪ್ರಾಧಿಕಾರಕ್ಕೂ ಮನಸ್ಸು ಬರೋಲ್ಲ. ಆಗ ಹುಡುಕೋದು ಗೋಮಾಳ, ಗುಡ್ಡ, ಕಲ್ಲುನೆಲ. ಅದು ಎಲ್ಲಿರುತ್ತೋ ಬಡಾವಣೆ ಅಲ್ಲಿ. ಕೂಲಿ ಎಲ್ಲಿದೆ ಅಂತ ಯಾರೂ ಕೇಳೋಲ್ಲ. ಇತ್ತ ಊರೊಳಗಿನ ಸೈಟಿನ ಕಥೆ ಬೇರೆ. 2024ರಲ್ಲಿ 50:50 ಅನುಪಾತದ ಸೈಟು ಹಂಚಿಕೆ ರಾಜ್ಯದ ತುಂಬ ಗದ್ದಲ ಎಬ್ಬಿಸಿದ್ದು ಓದುಗರಿಗೆ ನೆನಪಿದೆ. ಆ ಗದ್ದಲದಲ್ಲಿ ಸೊಪ್ಪು ಮಾರುವವಳ ಸೈಟಿನ ಮಾತು ಎಷ್ಟು ಸಲ ಬಂತು, ಲೆಕ್ಕ ಹಾಕಿ.

ನಕ್ಷೆಯಲ್ಲಿ ಇಲ್ಲದ ಬಣ್ಣ

ಮೈಸೂರು-ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ 2031ರವರೆಗಿನ ಮಾಸ್ಟರ್ ಪ್ಲಾನ್ ಇದೆ. ಇಂಥ ನಕ್ಷೆಗಳಲ್ಲಿ ಹಳದಿ ಅಂದರೆ ವಾಸ, ಹಸಿರು ಅಂದರೆ ಪಾರ್ಕು, ನೀಲಿ ಅಂದರೆ ವ್ಯಾಪಾರ. ಬಡವನ ಮನೆಗೆ ಅಂತ ಬೇರೆ ಬಣ್ಣ ಇಲ್ಲ. ಹಳದಿಯೊಳಗೆ ಬಂಗಲೆಯೂ ಸೈ, ಗುಡಿಸಲೂ ಸೈ. ಯಾರ ಕೈಯಲ್ಲಿ ಕಾಸಿದೆಯೋ ಹಳದಿ ಅವರದು.

ಲೆಕ್ಕ ಹಾಕೋದು ಕಷ್ಟವೂ ಅಲ್ಲ. ಒಂದು ಬಡಾವಣೆಗೆ 500 ಮನೆ ಅನ್ನಿ. ಮನೆಗೆ ನಾಲ್ಕು ಜನ ಹಿಡಿದರೂ 2000 ಆಯಿತು. 400ರಿಂದ 800 ಜನಕ್ಕೆ ಒಂದು ಅಂಗನವಾಡಿ ಅನ್ನೋದು ಸರ್ಕಾರದ್ದೇ ನಿಯಮ. ಅಂದರೆ ಮೂರು ಅಂಗನವಾಡಿ ಬೇಕು. ಐದನೇ ಕ್ಲಾಸಿನವರೆಗೆ ಶಾಲೆ ಒಂದು ಕಿಲೋಮೀಟರಿನೊಳಗೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮ ಹೇಳುತ್ತೆ. ಸೈಟಿಗೆ ಕಲ್ಲು ನೆಡುವ ದಿನವೇ ಈ ಲೆಕ್ಕ ಗೊತ್ತಿರುತ್ತೆ. ಆದರೂ ನಡೆಯೋದೇನು? ಮೊದಲು ಮನೆ, ಆಮೇಲೆ ನೀರು, ಆಮೇಲೆ ರಸ್ತೆ, ಆಮೇಲಿನ ಆಮೇಲೆ ಅಂಗನವಾಡಿ. ಸುಡುಗಾಡಿಗೆ ಜಾಗ ಬೇಕು ಅನ್ನೋದು ನೆನಪಾಗೋದು ಮೊದಲ ಹೆಣ ಬಿದ್ದ ದಿನ.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಒಳ್ಳೇದೇ ಆಯಿತು, ಯಾರೂ ಬೇಡ ಅನ್ನೋಲ್ಲ. ಆದರೆ ಟಿಕೆಟ್ಟು ಪುಕ್ಕಟೆಯಾದರೆ ಸಾಲದು, ಬಸ್ಸು ಬರಬೇಕು. ಅದೂ ಮಾರ್ಕೆಟ್ಟಿನ ಹೊತ್ತಿಗೆ ಬರಬೇಕು.

ದುಡ್ಡಿನ ಮಾತಿಗೆ ಬನ್ನಿ. ಹಳ್ಳಿ ಮನೆಗೆ 2016ರ ಆವಾಸ್ ಯೋಜನೆಯಲ್ಲಿ ಬಯಲುಸೀಮೆಗೆ ಕೇಂದ್ರದ ಲೆಕ್ಕದಲ್ಲಿ ಗೊತ್ತು ಮಾಡಿದ್ದು 1 ಲಕ್ಷ 20 ಸಾವಿರ. 2024ರಲ್ಲಿ ಇನ್ನೂ 2 ಕೋಟಿ ಮನೆ ಕಟ್ಟಲು ಯೋಜನೆ ಮುಂದುವರಿಸಿದಾಗಲೂ ಅದೇ 1 ಲಕ್ಷ 20 ಸಾವಿರ. ಎಂಟು ವರ್ಷದಲ್ಲಿ ಸಿಮೆಂಟು, ಕಬ್ಬಿಣ, ಗಾರೆ ಕೂಲಿ ಯಾವುದು ಇದ್ದಲ್ಲೇ ಇತ್ತು? ಪಾಯ, ಲಿಂಟಲ್, ಚಾವಣಿ, ಪೂರ್ತಿ ಮನೆ: ಪ್ರತಿ ಹಂತಕ್ಕೂ ಫೋಟೋ ಹೊಡೆದು ಕಳಿಸಿದ ಮೇಲೆ ಬಿಲ್ಲು. ಕಳ್ಳಬಿಲ್ಲು ತಡೆಯೋಕೆ ಫೋಟೋ ಬೇಕು, ಒಪ್ಪೋಣ. ಆದರೆ ಬರಿಗೈಲಿ ಪಾಯ ಎಬ್ಬಿಸೋದು ಹೆಂಗೆ ಅನ್ನೋ ಪ್ರಶ್ನೆಗೆ ಫೋಟೋದಲ್ಲಿ ಉತ್ತರ ಇಲ್ಲ. ಲಿಂಟಲ್ ಮಟ್ಟಕ್ಕೆ ನಿಂತು ಗಿಡಗಂಟಿ ಬೆಳೆದ ಗೋಡೆಗಳು ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ.

'ಕೊಟ್ರೆ ಮಾರ್ಕೊಳ್ತಾರೆ'

ಕಚೇರಿಗಳಲ್ಲಿ ಈ ಮಾತು ಎತ್ತಿದರೆ ಸಿದ್ಧ ಉತ್ತರ ಒಂದಿದೆ. 'ಇವರಿಗೆ ಎಷ್ಟು ಕೊಟ್ಟರೂ ಅಷ್ಟೇ ಕಣ್ರೀ, ಮನೆ ಮಾರಿಕೊಂಡು ತಿರುಗಾ ಗುಡಿಸಲಿಗೇ ಬರ್ತಾರೆ.' ಮಾರಿಕೊಳ್ಳೋರು ಇದ್ದಾರೆ, ಸುಳ್ಳಲ್ಲ. ದಲ್ಲಾಳಿಗಳೂ ಇದ್ದಾರೆ. ಆದರೆ ಗಟ್ಟಿ ಗೋಡೆ ಬಿಟ್ಟು ಗುಡಿಸಲಿಗೆ ಬರೋಕೆ ಯಾರಿಗೆ ಹುಚ್ಚು? ಕೂಲಿ ಇಲ್ಲಿದೆ, ಮಕ್ಕಳ ಶಾಲೆ ಇಲ್ಲಿದೆ, ದೊಡ್ಡಾಸ್ಪತ್ರೆ ಇಲ್ಲಿದೆ. ಅದಕ್ಕೇ ಬರ್ತಾರೆ.

ಕೇಳುವ ಜಾಗ ಇಲ್ಲದೆಯೂ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ನಗರ ಯೋಜನೆ, ಕೊಳಚೆ ಸುಧಾರಣೆ, ಪಟ್ಟಣದ ಬಡತನ ನಿವಾರಣೆ ಇವೆಲ್ಲ ನಗರಸಭೆಗಳಿಗೆ ಸೇರಬೇಕಾದ ಕೆಲಸ ಅಂತ 12ನೇ ಅನುಸೂಚಿಯಲ್ಲಿ ಅಚ್ಚಾಗಿದೆ. ಜಿಲ್ಲೆಗೆಲ್ಲ ಸೇರಿ ಒಂದು ಯೋಜನಾ ಸಮಿತಿ ಇರಬೇಕು ಅಂತಲೂ ಇದೆ. ಹಳ್ಳಿಯಲ್ಲಿ ಫಲಾನುಭವಿ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ. ಆದರೆ ಮೈಸೂರು ಪಾಲಿಕೆಯ ಕೌನ್ಸಿಲ್ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಬೀದಿಯ ನಲ್ಲಿಗೆ ನೀರು ಬರದಿದ್ದರೆ ಹಿಡಿದು ಕೇಳೋಕೆ ಕಾರ್ಪೊರೇಟರೂ ಇಲ್ಲದ ದಿನಗಳನ್ನು ಈ ಊರು ಕಂಡಿದೆ.

ನಾವು ಕೇಳೋದು ಅರಮನೆಯಲ್ಲ. ಒಂದು: ಹಕ್ಕುಪತ್ರ ಹಂಚುವ ಮುಂಚೆ ಬಡಾವಣೆಗೆ ನೀರು, ದೀಪ, ಬೆಳಗಿನ ಬಸ್ಸು ಇರಲಿ. ಎರಡು: ಪಾಯಕ್ಕೆ ಮುಂಗಡ ಕೊಡಿ, ಲೆಕ್ಕ ಆಮೇಲೆ ಕೇಳಿ. ಮೂರು: ಊರೊಳಗಿನ ಕೊಳಚೆ ಪ್ರದೇಶದಲ್ಲಿ ಎಲ್ಲಿ ಸಾಧ್ಯವೋ ಅಲ್ಲೇ ಹಕ್ಕು ಕೊಟ್ಟು ಅಲ್ಲೇ ಮನೆ ಕಟ್ಟಿಸಿ, ಎತ್ತಿ ಒಗೆಯಬೇಡಿ. ನಾಲ್ಕು: ಪಟ್ಟಿಯನ್ನು ಜನರ ಮುಂದೆ ಓದಿ ಹೇಳಿ. ಓದುವ ದಿನ ನಾವೂ ಹೋಗಿ ಕೂರಬೇಕು. ಹೋಗದೆ ಮನೇಲಿ ಕೂತು ಪುಢಾರಿಗಳನ್ನು ಬೈದರೆ ಪ್ರಯೋಜನ ಇಲ್ಲ.

ಅವ್ವನ ಹಕ್ಕುಪತ್ರ ಈಗಲೂ ಟ್ರಂಕಿನಲ್ಲಿದೆ, ರೇಷನ್ ಕಾರ್ಡಿನ ಜೊತೆ. ಆ ಮನೆಗೆ ಬೀಗ ಹಾಕಿ ನಾವು ವಠಾರಕ್ಕೆ ವಾಪಸು ಬಂದು ವರ್ಷಗಳಾದವು. ಮಾರೋಣ ಅಂದರೆ ಅವ್ವ ಬಿಡೋಲ್ಲ. 'ನನ್ನ ಹೆಸರಲ್ಲಿರೋದು ಅದೊಂದೇ ಕಣಪ್ಪ' ಅಂತಾಳೆ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಬೀಗ ತೆಗೆದು, ಕಸ ಗುಡಿಸಿ, ದೀಪ ಹಚ್ಚಿ, ತಿರುಗಾ ಬೀಗ ಹಾಕಿ ಬರ್ತಾಳೆ. ಆ ಮನೆಗೆ ಕಂದಾಯ ಕಟ್ತೀವಿ. ಈ ಮನೆಗೆ ಬಾಡಿಗೆ ಕಟ್ತೀವಿ. ಸರ್ಕಾರದ ಲೆಕ್ಕದಲ್ಲಿ ಮಾತ್ರ ನಾವು ಮನೆ ಸಿಕ್ಕವರು.