ವಿಷವನ್ನು ಔಷಧವಾಗಿಸುವ ಸಂಸ್ಕಾರ

ವತ್ಸನಾಭಿಯನ್ನು ಗೋಮೂತ್ರದಲ್ಲಿ ಶೋಧಿಸದೆ ಔಷಧಕ್ಕೆ ಬಳಸಬಾರದೆಂಬುದು ಆಯುರ್ವೇದದ ನಿಯಮ. ಸಸ್ಯಮೂಲದ ಕ್ಯಾನ್ಸರ್ ಔಷಧಗಳ ಇತಿಹಾಸದಲ್ಲಿಯೂ ಇಂಥದೇ ವಿವೇಕ ಕಾಣುತ್ತದೆ.

ಚೀನೀಯರು ‘ಆನಂದವೃಕ್ಷ’ವೆಂದು ಕರೆಯುವ ಮರದಿಂದ ತೆಗೆದ ಕ್ಯಾಂಪ್ಟೊಥೆಸಿನ್ ಎಂಬ ಕ್ಷಾರಾಭದ ರಚನೆಯನ್ನು 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಭಾರತ ಸಂಜಾತ ಮನ್ಸುಖ್ ವಾಣಿ ಪ್ರಕಟಿಸಿದರು. ನಮ್ಮ ಪಶ್ಚಿಮಘಟ್ಟದ ನೊಥಾಪೊಡೈಟಿಸ್ ಮರದಲ್ಲಿಯೂ ಅದುಂಟು. ಡಿಎನ್‌ಎ ಎಳೆಗಳ ತಿರುಚನ್ನು ಸಡಿಲಿಸುವ ಕಿಣ್ವವನ್ನು ಅದು ತಡೆಯುವುದರಿಂದ, ವಿಭಜನೆಗೊಳ್ಳುತ್ತಿರುವ ಕ್ಯಾನ್ಸರ್ ಕೋಶವು ಸಾಯುತ್ತದೆ.

ಆದರೆ ಅದು ನೀರಿನಲ್ಲಿ ಕರಗದು. ಕರಗಲೆಂದು ಸೋಡಿಯಂ ಲವಣವಾಗಿಸಿದಾಗ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ಗುಣ ತಗ್ಗಿತು. ರೋಗಿಗಳಲ್ಲಿ ಮೂತ್ರಕೋಶದ ರಕ್ತಸ್ರಾವ, ತೀವ್ರ ಭೇದಿ ಕಾಣಿಸಿ ಪ್ರಯೋಗ ನಿಂತಿತು. ಮುಂದೆ ರಸಾಯನಶಾಸ್ತ್ರಜ್ಞರು ಆ ಉಂಗುರವನ್ನು ಉಳಿಸಿಕೊಂಡು, ಅಣುವಿನ ಇನ್ನೊಂದು ಅಂಚಿಗೆ ನೀರಿನಲ್ಲಿ ಕರಗಿಸಬಲ್ಲ ಭಾಗಗಳನ್ನು ಜೋಡಿಸಿದರು. ಹೀಗೆ ಹುಟ್ಟಿದ ಟೊಪೊಟೆಕಾನ್ ಅಂಡಾಶಯದ ಕ್ಯಾನ್ಸರಿಗೂ ಇರಿನೊಟೆಕಾನ್ ದೊಡ್ಡ ಕರುಳಿನ ಕ್ಯಾನ್ಸರಿಗೂ 1996ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದವು.

ಇವುಗಳಿಗೂ ಅಡ್ಡಪರಿಣಾಮಗಳುಂಟು, ಭೇದಿ, ರಕ್ತಕಣಗಳ ಇಳಿಕೆ ಅವುಗಳಲ್ಲಿ ಮುಖ್ಯ. ಆದರೆ ಇಲ್ಲಿ ಮಾತ್ರೆ ನಿಶ್ಚಿತ, ವೈದ್ಯರ ನಿಗಾ ಇರುತ್ತದೆ. ತೊಗಟೆಯ ಪುಡಿಯಲ್ಲಿ ಇವೆರಡೂ ಇಲ್ಲ. ಆದ್ದರಿಂದ ಮೂಲ ಒಂದೇ ಎಂದು ಪುಡಿಯನ್ನು ಔಷಧಕ್ಕೆ ಸಮವೆಂದು ಎಣಿಸಬಾರದು. ಅದನ್ನು ನಂಬಿ ಚಿಕಿತ್ಸೆಯನ್ನು ಮುಂದೂಡಿದರೆ, ಗುಣವಾಗಬಹುದಾದ ರೋಗವೂ ಕೈಮೀರಬಹುದು.